ನೀರಿಗೆ ಕೊಟ್ಟವಳು

ಬೆಳಿಗ್ಗೆ ಏಳೂವರೆಗೆ ಹೋಟೆಲಿನ ಮುಂದೆ ವ್ಯಾನಿನ ಬಾಗಿಲು ಸರಿಸಿಕೊಂಡು ಗೈಡ್ ನಸಾರಿಯೊ ನಿಂತಿದ್ದಾಗ, ಏಳು ಮಂದಿ ಪ್ರವಾಸಿಗರಲ್ಲಿ ಕೊನೆಯವಳಾಗಿ ಬಂದ ಹೆಂಗಸು ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟು ಅಲ್ಲೇ ನಿಂತಳು. ಕನ್ನಡಕವನ್ನು ಹಣೆಗೇರಿಸಿ ಅವನ ಎದೆಯ ಮೇಲಿನ ಹೆಸರಿನ ಬಿಲ್ಲೆಯನ್ನು ಓದಿದಳು. "ನಸಾರಿಯೊ ನೋ. ನೀವೇ ಅಲ್ವಾ? ತಾಯಿ ಸೆನೋಟೆಯಲ್ಲಿ ಮುಳುಗಿ ತೀರ್ಕೊಂಡ್ರು ಅಂತ... ಹೋದ ವರ್ಷ ನನ್ನ ತಂಗಿ ನಿಮ್ಮ ಜೊತೆ ಬಂದಿದ್ದಳು. ಮನೆಗೆ ಬಂದು ಆ ಕಥೆ ಹೇಳ್ತಾ ಹೇಳ್ತಾ ಅತ್ತುಬಿಟ್ಟಳು ನೋಡಿ." ಅವನ ಎರಡೂ ಕೈಗಳನ್ನು ಹಿಡಿದುಕೊಂಡಳು. ಮೊಂತೆರೇ ನಗರದಿಂದ ಬಂದ ನಿವೃತ್ತ ಶಿಕ್ಷಕಿ, ಹೆಸರು ಇರ್ಮಾ ಎಂದು ಪಟ್ಟಿಯಲ್ಲಿತ್ತು. ನಸಾರಿಯೊ ತಲೆ ತಗ್ಗಿಸಿದ. ಹಾಗೆ ತಗ್ಗಿಸುವುದು ಅವನಿಗೆ ಹನ್ನೊಂದು ವರ್ಷಗಳ ರೂಢಿ. ಕತ್ತು ತಾನಾಗಿ ಬಾಗುತ್ತಿತ್ತು, ಕಣ್ಣು ತಾನಾಗಿ ಒದ್ದೆಯಾಗುತ್ತಿತ್ತು. ನೋ ಎಂಬ ಅವನ ಮನೆತನದ ಹೆಸರಿಗೆ ಅವರ ಜನರ ಮಾಯಾ ಮಾತಿನಲ್ಲಿ ದೊಡ್ಡದು ಎಂದು ಅರ್ಥ, ಸ್ಪಾನಿಷ್‌ನಲ್ಲಿ ಇಲ್ಲ ಎಂದು. ಶಾಲೆಯಲ್ಲಿ ಮೇಷ್ಟ್ರು ಹಾಜರಿ ಕರೆದಾಗಲೆಲ್ಲ "ನಸಾರಿಯೊ? ನೋ!" ಎಂದು ಹಿಂದಿನ ಬೆಂಚಿನವರು ಕೂಗಿ ನಗುತ್ತಿದ್ದರು. ಅವನು ಹಾಜರಿದ್ದೂ ಇಲ್ಲದವನಾಗುತ್ತಿದ್ದ. ಆ ನಗು ಈಗಲೂ ಕೆಲವು ಬೆಳಗುಗಳಲ್ಲಿ ಕಿವಿಯೊಳಗೆ ಏಳುತ್ತಿತ್ತು. ಇವತ್ತು ಎದ್ದಿತು.

ನಗರ ಹಿಂದೆ ಸರಿದು, ಎರಡೂ ಬದಿಯ ಕುರುಚಲು ಕಾಡು ವ್ಯಾನಿನ ಜೊತೆ ಓಡತೊಡಗಿತು. ಮೈಕು ಹಿಡಿದು ಅವನು ದಿನದ ಕಾರ್ಯಕ್ರಮ ಹೇಳಿದ: ಮೊದಲು ಹಳೆಯ ಊರಿನ ಕಲ್ಲುಗಳು, ಆಮೇಲೆ ಊಟ, ಆಮೇಲೆ ನೀರು. ನೀರು ಎನ್ನುವಾಗ ಹಿಂದಿನ ಸೀಟಿನ ದಂತವೈದ್ಯನ ಇಬ್ಬರು ಹೆಣ್ಣುಮಕ್ಕಳು ಕಿರುಚಿದರು. ಆ ಕಥೆ ಹೇಗೆ ಹುಟ್ಟಿತು ಎಂದು ಅವನು ಎಷ್ಟೋ ಸಲ ಯೋಚಿಸಿದ್ದಾನೆ. ಸುಳ್ಳು ಹೇಳಬೇಕೆಂದು ಹೊರಟವನಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಮುದುಕ ಸೆನೋಟೆಯ, ನೆಲದಡಿಯ ಆ ಕೊಳದ, ನೀರಿನಿಂದ ತಲೆ ಹೊರಗೆ ಹಾಕಿ, "ನೀನ್ಯಾಕಪ್ಪಾ ಇಳಿಯಲ್ಲ? ನಿಮ್ಮೂರ ನೀರು, ನಿಂಗೇ ಭಯಾನಾ?" ಎಂದು ತಮಾಷೆ ಮಾಡಿದ್ದ. ಸುತ್ತ ತೇಲುತ್ತಿದ್ದವರು ನಕ್ಕರು. ಆ ನಗುವಿನ ನಡುವೆ ಬಾಯಿ ತಾನಾಗಿ ತೆರೆಯಿತು: "ನನ್ನ ತಾಯಿ ಇಲ್ಲೇ..." ಅಷ್ಟೇ ಹೇಳಿದ್ದ. ನಗು ಕತ್ತರಿಸಿದಂತೆ ನಿಂತಿತು. ಆ ಮೌನ ಎಷ್ಟು ಹಿತವಾಗಿತ್ತೆಂದರೆ ಮರುದಿನವೂ ಬೇಕೆನಿಸಿತು. ಮರುದಿನ ತಾಯಿಯ ಕೈಗೆ ಒಂದು ಕೊಡ ಬಂತು. ತಿಂಗಳೊಳಗೆ ಕೊಡಕ್ಕೆ ಬಣ್ಣ ಬಂತು, ಕಥೆಯೊಳಗಿನ ಅವನಿಗೆ ಆರು ವರ್ಷ ವಯಸ್ಸಾಯಿತು, ದಂಡೆಯ ಮೇಲೆ ನಿಂತು ಅವನು ಕೂಗಿದ್ದೂ ಆಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಅವನ ಮಾತು ಹೋಗಲಿಲ್ಲ, ದಿನಾ ಹಿಂದಕ್ಕೆ ಬಂದು ಬಾಗಿಲು ತಟ್ಟಿತು. ಕೆಲವು ದಿನ ಮನೆಯಲ್ಲಿ ಒಲೆ ಮುಂದೆ ಕೂತ ತಾಯಿಗಿಂತ ನೀರಿನೊಳಗಿನ ತಾಯಿಯೇ ಅವನಿಗೆ ಹೆಚ್ಚು ಪರಿಚಿತಳಾಗಿ ಕಾಣುತ್ತಿದ್ದಳು.

"ನಸಾ," ಎಂದ ಡ್ರೈವರ್ ಎರ್ಮಿಲೊ ಮೆಲ್ಲಗೆ, ಮಾಯಾ ಮಾತಿನಲ್ಲಿ. ಅವನು ಸೋದರಮಾವನ ಮಗ. "ಮುಂದೆ ನೋಡೋ. ಅತ್ತೆ ನಿಂತಿದಾಳೆ."

ಅವರ ಊರಿನ ತಿರುವಿನಲ್ಲಿ, ರಸ್ತೆಯ ಹಂಪಿನ ಪಕ್ಕ, ಮಡಿಕೆ ಮುರಿಯದ ಬಿಳಿ ಇಪಿಲ್ ತೊಟ್ಟು ಅವನ ತಾಯಿ ನಿಂತಿದ್ದಳು. ಹಬ್ಬಕ್ಕೆಂದು ಪೆಟ್ಟಿಗೆಯಲ್ಲಿ ಇಟ್ಟಿರುವ ನಿಲುವಂಗಿ. ಎದೆಯ ಮೇಲೆ ಕೆಂಪು ಹೂವಿನ ಕಸೂತಿ. ಕೈಯಲ್ಲಿ ಬಟ್ಟೆಯ ಗಂಟು.

"ನಿಲ್ಲಿಸ್ಬೇಡ," ಎಂದ ನಸಾರಿಯೊ.

"ನಿಲ್ಲಿಸ್ದೆ ಅತ್ತೆ ಮೇಲೆ ಹತ್ತಿಸ್ಲಾ?" ಎರ್ಮಿಲೊ ಬ್ರೇಕು ಒತ್ತಿಯೇಬಿಟ್ಟ.

ಬಾಗಿಲು ಸರಿಯಿತು. ತಾಯಿ ತೋಮಾಸಾ ನೋವಿನ ಮಂಡಿಯನ್ನು ಎರಡೂ ಕೈಯಿಂದ ಎತ್ತಿ ಮೆಟ್ಟಿಲ ಮೇಲಿಟ್ಟು ಹತ್ತಿದಳು. ಒಳಗಿದ್ದವರನ್ನೆಲ್ಲ ನೋಡಿ, ಅವರ ಕಡೆಯವರೆಲ್ಲ ಕ್ಷೇಮ ವಿಚಾರಿಸುವ ಹಾಗೆ, "ನಿಮ್ಮ ದಾರಿ ಹೇಗಿದೆ?" ಎಂದು ಮಾಯಾ ಮಾತಿನಲ್ಲಿ ಕೇಳಿದಳು. ಮಗನ ಕಡೆ ತಿರುಗಿ, "ಇವತ್ತು ನಾನೂ ಬರ್ತೀನಿ. ನೀನು ಕೆಲಸ ಮಾಡೋದನ್ನ ಒಂದಿನಾನೂ ನೋಡಿಲ್ಲ," ಎಂದಳು.

"ಯಾರಿವರು? ಎಷ್ಟು ಚೆನ್ನಾಗಿದಾರೆ!" ಇರ್ಮಾ ಮುಂದಕ್ಕೆ ಬಾಗಿದಳು. ಈಗ ಹೇಳಬೇಕಿತ್ತು. ಒಂದು ಉಸಿರಿನಷ್ಟು ಹೊತ್ತು ಆ ಮಾತು ಅವನ ನಾಲಿಗೆಯ ಮೇಲೆ ಇತ್ತು. ಹೇಳಿದರೆ ಈ ಹೆಂಗಸು ಹಿಡಿದಿದ್ದ ಕೈಗಳನ್ನು ಏನು ಮಾಡುವುದು? ಅವಳ ತಂಗಿಯ ಕಣ್ಣೀರನ್ನು, ಹನ್ನೊಂದು ವರ್ಷದ ಎಲ್ಲರ ಕಣ್ಣೀರನ್ನು ಎಲ್ಲಿಡುವುದು? "ಹಳ್ಳಿಯ ಅಜ್ಜಿ," ಎಂದ ಸ್ಪಾನಿಷ್‌ನಲ್ಲಿ. "ಮುಂದೆ ಎಲ್ಲೋ ಇಳೀತಾರೆ. ಈ ಕಡೆ ಬಸ್ಸು ಕಡಿಮೆ." ಆಮೇಲೆ ಸೇರಿಸಿದ, "ಶುಭೋದಯ ಅಂತಿದಾರೆ." ಎರ್ಮಿಲೊ ಕನ್ನಡಿಯಲ್ಲಿ ಅವನನ್ನೊಮ್ಮೆ ನೋಡಿ, ಗೇರು ಬದಲಾಯಿಸಿದ. ತಾಯಿ ಬಾಗಿಲ ಪಕ್ಕದ ಮಡಚುವ ಸೀಟಿನಲ್ಲಿ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಅವಳ ಮೊಣಕೈ ಅವನ ಮೊಣಕಾಲಿಗೆ ತಾಗುತ್ತಿತ್ತು. ಅವನು ಕಾಲನ್ನು ಸ್ವಲ್ಪ ಸರಿಸಿಕೊಂಡ. ಸರಿಸಿಕೊಂಡದ್ದು ತನಗೇ ಗೊತ್ತಾಗಿ, ಮತ್ತೆ ಮೊದಲಿದ್ದಲ್ಲಿಗೆ ತರಲು ನಾಚಿಕೆಯಾಗಿ, ಹಾಗೇ ಇದ್ದ.

ಹಳೆಯ ಊರಿನಲ್ಲಿ ಬಿಸಿಲು ಕಲ್ಲಿನಿಂದ ಮೇಲಕ್ಕೆ ಏಳುತ್ತಿತ್ತು. ಮೆಟ್ಟಿಲುಗಳ ಮೇಲೆ ಉಡಗಳು ತಲೆಯೆತ್ತಿ ಮಲಗಿದ್ದವು. ಇಲ್ಲಿ ರಾಜನ ಆಸ್ಥಾನ, ಇಲ್ಲಿ ನಕ್ಷತ್ರ ನೋಡುವವರ ಗೋಪುರ, ಈ ಕಲ್ಲಿನ ಹಾವು ವರ್ಷಕ್ಕೆರಡು ಸಲ ನೆರಳಾಗಿ ಕೆಳಗಿಳಿಯುತ್ತದೆ ಎಂದು ಅವನ ಧ್ವನಿ ಅವನಿಗಿಂತ ನಾಲ್ಕು ಹೆಜ್ಜೆ ಮುಂದೆ ನಡೆಯುತ್ತಿತ್ತು. ತಾಯಿ ದಾರಿಯಲ್ಲಿ ಎಲ್ಲಿಯೂ ಇಳಿದಿರಲಿಲ್ಲ, ಗುಂಪಿನ ಹಿಂದೆಯೇ ಬರುತ್ತಿದ್ದಳು. ಅವಳ ನೆರಳನ್ನು ನೋಡದೆಯೇ ಅದು ಎಲ್ಲಿದೆಯೆಂದು ಅವನ ಬೆನ್ನಿಗೆ ಗೊತ್ತಿತ್ತು. ಶಾಲೆಗೆ ಊಟ ತರುತ್ತಿದ್ದ ದಿನಗಳಲ್ಲೂ ಹೀಗೇ. ಗೇಟಿನ ತನಕ ಬರಬೇಡ, ಜೋಳದ ಗಿರಣಿಯ ಮೂಲೆಯಲ್ಲಿ ನಿಲ್ಲು ಎಂದು ಅವನೇ ಹೇಳಿದ್ದ. ಯಾಕೆ ಎಂದು ಅವಳು ಕೇಳಿರಲಿಲ್ಲ. ಗಿರಣಿಯ ಹಿಟ್ಟು ಹಾರಿ ಅವಳ ಕೂದಲ ಮೇಲೆ ಕೂರುತ್ತಿತ್ತು, ಮೂವತ್ತಕ್ಕೇ ಹಣ್ಣುಹಣ್ಣು ಮುದುಕಿಯ ಹಾಗೆ ಕಾಣುತ್ತಿದ್ದಳು. ಈಗ ಅದೇ ಕೂದಲು ಹಿಟ್ಟಿಲ್ಲದೆಯೇ ಬೆಳ್ಳಗಿತ್ತು. "ಈ ಮೂಲೆಲಿ ನಿಮ್ಮಜ್ಜ ಕುಂಬಳ ಹಾಕಿದ್ದ," ಎಂದಳು ತಾಯಿ, ರಾಜನ ಆಸ್ಥಾನವನ್ನು ತೋರಿಸುತ್ತ. "ಕಲ್ಲು ಬೆಚ್ಚಗಿರುತ್ತೆ ಅಂತ ಬಳ್ಳಿನ ಅದರ ಮೇಲೆ ಹಬ್ಬಿಸ್ತಿದ್ದ. ಆಮೇಲೆ ಸರ್ಕಾರದೋರು ಬಂದು ದಿಬ್ಬ ತೋಡಿ, ನಮ್ಮನ್ನ ಆಚೆ ಕಳಿಸಿದ್ರು."

"ಅಜ್ಜಿ ಏನಂದ್ರು?" ಇರ್ಮಾ ಕೇಳಿದಳು.

"ಈ ಜಾಗ ಪವಿತ್ರ ಅಂತಾರೆ."

ಇರ್ಮಾ ಎದೆಯ ಮೇಲೆ ಕೈಯಿಟ್ಟುಕೊಂಡಳು. ಕೊಲಂಬಿಯಾದಿಂದ ಬಂದಿದ್ದ ಹೊಸ ಮದುಮಗ ತಾಯಿಯ ಫೋಟೋ ತೆಗೆದ. ತಾಯಿ ನೇರವಾಗಿ ಹೋಗಿ ಒಂದು ಬಲಿಪೀಠದ ಮೇಲೆ ಕೂತು, ಗಂಟು ಬಿಚ್ಚಿ, ಒಂದು ಕಿತ್ತಳೆ ತೆಗೆದು ಸುಲಿಯತೊಡಗಿದಳು. ಕಾವಲುಗಾರ ಸೀಟಿ ಊದಿದ. ಎಲ್ಲರೂ ನಸಾರಿಯೊನನ್ನು ನೋಡಿದರು. ಗುಂಪು ಅವನದು, ಜವಾಬ್ದಾರಿ ಅವನದು. ಅವನು ಅವಳ ಹತ್ತಿರ ಹೋಗಿ, ಸ್ಪಾನಿಷ್‌ನಲ್ಲಿ, ಕಚೇರಿಯ ಧ್ವನಿಯಲ್ಲಿ, ಗುರುತಿಲ್ಲದ ಹೆಂಗಸನ್ನು ಮರ್ಯಾದೆಯಿಂದ ಕರೆಯುವ ಹಾಗೆ ಹೇಳಿದ: "ದೊನ್ಯಾ, ದಯವಿಟ್ಟು ಏಳಿ. ಇಲ್ಲಿ ಕೂರುವ ಹಾಗಿಲ್ಲ." ತಾಯಿ ಕಿತ್ತಳೆಯಿಂದ ಕಣ್ಣೆತ್ತಿ ಅವನ ಮುಖ ನೋಡಿದಳು. ಬಹಳ ಹೊತ್ತಲ್ಲ, ಒಂದು ತೊಳೆ ಬಾಯಿಗಿಡುವಷ್ಟು ಹೊತ್ತು. "ಆಗ್ಲಿ ಸ್ವಾಮಿ," ಎಂದು ಮಾಯಾ ಮಾತಿನಲ್ಲಿ ಹೇಳಿ ಎದ್ದಳು, ಸಿಪ್ಪೆಯನ್ನು ಗಂಟಿಗೆ ಹಾಕಿಕೊಂಡಳು. ಅವನಿಗೆ ನೆಲ ಬಾಯ್ಬಿಡಬಾರದೇ ಎನಿಸಿತು. ಈ ಕಡೆಯ ನೆಲವೆಲ್ಲ ಒಳಗೆ ಟೊಳ್ಳು, ಎಲ್ಲಿ ಬೇಕಾದರೂ ಬಾಯ್ಬಿಡುತ್ತದೆ. ಆದರೆ ಬೇಕಾದಾಗ ಬಿಡುವುದಿಲ್ಲ.

ಊಟದ ಹೊತ್ತಿಗೆ ಅವನು ಎರ್ಮಿಲೊನನ್ನು ಅಡಿಗೆಮನೆಯ ಹಿಂದೆ ಕರೆದ. ಹೊಂಡದೊಳಗೆ ಬೆಂದ ಹಂದಿಮಾಂಸದ ಹಬೆ ಗೋಡೆಯ ಮೇಲಿನಿಂದ ಬರುತ್ತಿತ್ತು. "ಇವರು ತಿನ್ನೋಷ್ಟರಲ್ಲಿ ಅವಳನ್ನ ಮನೆಗೆ ಬಿಟ್ಟು ಬಾ. ಅರ್ಧ ಗಂಟೆ."

"ನಾನು ಕೇಳ್ದೆ. ಬರಲ್ಲ ಅಂತಾಳೆ."

"ಎತ್ಕೊಂಡ್ಹೋಗೋ."

"ಅತ್ತೇನಾ? ನಿನ್ನ ತಲೆ ಕೆಟ್ಟಿದೆ." ಎರ್ಮಿಲೊ ಹಲ್ಲುಕಡ್ಡಿಯನ್ನು ಬಾಯಿಯ ಆ ಕಡೆಯಿಂದ ಈ ಕಡೆಗೆ ಸರಿಸಿದ. "ಇವತ್ತೊಂದಿನ ಕಥೆ ಬೇಡ ಬಿಡು. ಗಂಟಲು ನೋವು ಅನ್ನು. ಹೊಟ್ಟೆ ನೋವು ಅನ್ನು. ದಿನಾ ಅವ್ವನ್ನ ಸಾಯಿಸ್ತೀಯ, ಒಂದಿನ ರಜಾ ಕೊಡು ಪಾಪ." ನಕ್ಕವನು, ನಸಾರಿಯೊನ ಮುಖ ನೋಡಿ ನಗು ನಿಲ್ಲಿಸಿದ. "ಅತ್ತೆಗೆ ಸ್ಪಾನಿಷ್ ಬರಲ್ವಲ್ಲ, ಯಾಕೆ ಹೆದರ್ತೀಯ?"

ಹೌದು, ಬರುವುದಿಲ್ಲ, ಎಂದುಕೊಂಡ ನಸಾರಿಯೊ. ಹಾಗಂದುಕೊಂಡ ಮೇಲೆ ತಟ್ಟೆಯ ಮುಂದೆ ಕೂರುವಷ್ಟು ಧೈರ್ಯ ಬಂತು. ತಾಯಿ ಹೆಂಚಿನ ಮುಂದೆ ರೊಟ್ಟಿ ತಟ್ಟುವವಳ ಪಕ್ಕ ಕೂತು, ತಾನೂ ಒಂದು ಉಂಡೆ ತೆಗೆದುಕೊಂಡು ತಟ್ಟುತ್ತಿದ್ದಳು. ಆ ತಟ್ಟುವ ಸದ್ದು ಬೇರೆ ಎಲ್ಲ ಸದ್ದಿಗಿಂತ ಅವನಿಗೆ ಚೆನ್ನಾಗಿ ಕೇಳುತ್ತಿತ್ತು. ಬೆಳಗಾಗುವ ಮುಂಚೆ ಅರ್ಧ ನಿದ್ದೆಯಲ್ಲಿ, ತೂಗುಹಾಸಿಗೆಯ ಬಲೆಯೊಳಗೆ ಮಡಚಿಕೊಂಡು ಕೇಳಿದ ಸದ್ದು. ಆಗಲೂ ಅವಳು ಬೇಗ ತಟ್ಟಿ ಮುಗಿಸುತ್ತಿದ್ದಳು, ಯಾಕೆಂದರೆ ನಗರದ ಮೊದಲ ಬಸ್ಸಿಗೆ ಹೋಗಬೇಕಿತ್ತು, ದೊಡ್ಡ ಮನೆಯೊಂದರಲ್ಲಿ ಬಟ್ಟೆ ಒಗೆಯುತ್ತಿದ್ದಳು, ಹದಿನಾಲ್ಕು ವರ್ಷ ಒಗೆದಳು, ಒಂದೊಂದು ದಿನ ಅವನನ್ನೂ ಕರೆದುಕೊಂಡು ಹೋಗುತ್ತಿದ್ದಳು, ಆ ಮನೆಯ ಯಜಮಾನಿ ಮಹಡಿಯಿಂದ ಏನೋ ಕೂಗುತ್ತಿದ್ದಳು, ತಾಯಿ ಕೆಳಗಿನಿಂದ ಉತ್ತರ ಕೊಡುತ್ತಿದ್ದಳು. ಯಾವ ಮಾತಿನಲ್ಲಿ? ಬಾಯಿಯ ಹತ್ತಿರ ಹೋದ ತುತ್ತು ಅಲ್ಲೇ ನಿಂತಿತು.

ಎದುರಿಗೆ ಇರ್ಮಾ ಎಲ್ಲರಿಗೂ ಹೇಳುತ್ತಿದ್ದಳು: "ನಾನು ನಿಜ ಹೇಳ್ಬೇಕಂದ್ರೆ ಕಲ್ಲು ನೋಡೋಕೆ ಬಂದಿಲ್ಲ. ಇವರ ಬಾಯಿಂದ ಅದನ್ನ ಕೇಳೋಕೆ ಬಂದೆ. ಈ ವರ್ಷ ನನ್ನ ತಾಯೀನೂ ಹೋದ್ರು." ಅವಳ ಕಣ್ಣು ತುಂಬಿತ್ತು. "ನೀರಿನ ಹತ್ತಿರ ಹೇಳ್ತೀರಲ್ವಾ? ಹೇಳ್ಬೇಕು." ನಸಾರಿಯೊ ಹೌದೆಂದು ತಲೆಯಾಡಿಸಿದ. ಬಿಸಿತುಪ್ಪ ಎಂದರೆ ಇದೇ: ನುಂಗಲೂ ಆಗದು, ಉಗುಳಲೂ ಆಗದು.

ಸೆನೋಟೆಯ ಬಾಯಿ ಹೊರಗಿನಿಂದ ನೋಡಿದರೆ ಏನೂ ಅಲ್ಲ. ಮರದ ಬೇರುಗಳ ನಡುವೆ ಒಂದು ತೂತು, ಅದರೊಳಗೆ ಇಳಿಯುವ ಮರದ ಮೆಟ್ಟಿಲು, ಪಕ್ಕದಲ್ಲಿ ಟಿಕೇಟು ಹರಿಯುವ, ಅವರದೇ ಊರಿನ ಮಿರ್ನಾಳ ಮೇಜು. ಮಿರ್ನಾ ತಾಯಿಯನ್ನು ನೋಡಿ ಎದ್ದು ನಿಂತಳು. ನಸಾರಿಯೊನ ಕಡೆ ಒಮ್ಮೆ ನೋಡಿ, ಎಲ್ಲರಿಗೂ ಕಿತ್ತಳೆ ಬಣ್ಣದ ತೇಲುವ ಜಾಕೆಟ್ಟು ಹಂಚಿದಳು. ಕೆಳಗೆ ಇಳಿದಂತೆ ಬಿಸಿಲು ಮೇಲೆಯೇ ಉಳಿಯಿತು. ಚಾವಣಿಯ ತೂತಿನಿಂದ ಒಂದೇ ಒಂದು ಬೆಳಕಿನ ಕೋಲು ನೀರಿನೊಳಗೆ ತಳದವರೆಗೂ ಇಳಿದಿತ್ತು. ಬೇರುಗಳು ಮೇಲಿನಿಂದ ಜೋತು, ನೀರನ್ನು ಮುಟ್ಟಿಯೂ ಮುಟ್ಟದ ಹಾಗೆ ನಿಂತಿದ್ದವು. ಎಲ್ಲೋ ಒಂದು ತೋ ಹಕ್ಕಿ ಬಾಲವನ್ನು ಆಚೀಚೆ ಆಡಿಸುತ್ತಿತ್ತು. ಇಲ್ಲಿಗೆ ಬಂದರೆ ಯಾರ ಧ್ವನಿಯಾದರೂ ತಗ್ಗುತ್ತದೆ; ಆ ಹೆಣ್ಣುಮಕ್ಕಳೂ ತಂದೆಯ ಕೈ ಹಿಡಿದುಕೊಂಡರು. ನಸಾರಿಯೊ ಧೂಪ ಹಚ್ಚಿದ. ನೀರಿನ ಒಡೆಯರೇ, ಬಂದಿದ್ದೇವೆ, ಇಳಿಯಲು ಅಪ್ಪಣೆ ಕೊಡಿ ಎಂದು ಮಾಯಾ ಮಾತಿನಲ್ಲಿ ಹೇಳಿದ. ಹಿಂದಿನಿಂದ ತಾಯಿಯೂ ಅದನ್ನೇ ಮೆಲ್ಲಗೆ ಹೇಳುತ್ತಿದ್ದಳು. ಅವನದಕ್ಕೂ ಅವಳದಕ್ಕೂ ಒಂದೇ ಮಾತು. ಆದರೆ ಅವಳು ಹೇಳಿದಾಗ ಅದು ಯಾರಿಗೋ ಹೇಳಿದ ಹಾಗಿತ್ತು.

ಆಮೇಲೆ ಅವನು ಕಥೆ ಹೇಳಿದ. ಹೇಳಬಾರದೆಂದೇ ಹೊರಟಿದ್ದ, ಗಂಟಲು ನೋವು ಎನ್ನಬೇಕೆಂದಿದ್ದ. ಇರ್ಮಾ ಅಲ್ಲೇ ಮೆಟ್ಟಿಲ ಮೇಲೆ ಕೂತು ಮೊಣಕಾಲನ್ನು ಅಪ್ಪಿಕೊಂಡು ಕಾಯುತ್ತಿದ್ದಳು, ಮಗುವಿನ ಹಾಗೆ. ಬಾಯಿ ತೆರೆದದ್ದಷ್ಟೇ ಗೊತ್ತು. ಆರು ವರ್ಷದ ನಾನು ಅಲ್ಲಿ, ಆ ಬೇರಿನ ಪಕ್ಕ ನಿಂತಿದ್ದೆ. ತಾಯಿ ಹಸಿರು ಕೊಡ ತೆಗೆದುಕೊಂಡು ಬಾಗಿದಳು. ಹೇಳುತ್ತ ಹೇಳುತ್ತ ಅವನು ಮನಸ್ಸಿನಲ್ಲೇ ಬೆಳಕಿನ ಕೋಲಿನೊಳಗೆ ಇಳಿದ. ಅಲ್ಲಿ ನಿಜವಾಗಿಯೂ ಒಬ್ಬಳು ಇದ್ದಳು. ಅವನ ಎರಡೂ ಕೈ ಅವಳ ಕುತ್ತಿಗೆಗೆ ಬಿಗಿದಿದ್ದವು. ಅವನು ಚಿಕ್ಕವನಿದ್ದಾಗ ತಾಯಿ ಈಜು ಕಲಿಸಲು ಇಲ್ಲಿಗೆ ಕರೆತಂದಿದ್ದಳು, ಕಾಲಿಗೆ ನೆಲ ಸಿಗದೆ ಅವನು ಅವಳ ಮೇಲೆ ಹತ್ತಿದ್ದ, ಅವಳ ತಲೆಯನ್ನು ಕೆಳಕ್ಕೆ ತುಳಿದಿದ್ದ, ಅವಳ ಕೂದಲು ಅವನ ಬಾಯಿಯ ತುಂಬ. ಮೇಲೆ ಬಂದಾಗ ಅವಳು ನೀಲಿಗಟ್ಟಿ ಕೆಮ್ಮುತ್ತಿದ್ದಳು, ಕೆಮ್ಮುತ್ತಲೇ "ಏನಿಲ್ಲ, ಏನಿಲ್ಲ" ಎನ್ನುತ್ತಿದ್ದಳು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ, ತನಗೂ ಹೇಳಿಕೊಂಡಿರಲಿಲ್ಲ. "ನಾನು ಕೂಗಿದೆ," ಎಂದು ಅವನ ಸ್ಪಾನಿಷ್ ಧ್ವನಿ ತನ್ನ ಪಾಡಿಗೆ ಮುಗಿಸುತ್ತಿತ್ತು. "ಉಂಗುರ ಉಂಗುರವಾಗಿ ನೀರು ಮುಚ್ಚಿಕೊಂಡಿತು. ಅದಕ್ಕೇ ನಾನು ಈ ನೀರಿಗೆ ಇಳಿಯೋದಿಲ್ಲ." ಇರ್ಮಾ ಅಳುತ್ತಿದ್ದಳು. ಮದುಮಗಳೂ ಕಣ್ಣೊರೆಸಿಕೊಂಡಳು.

ಯಾರೋ ಮೆಟ್ಟಿಲಿಳಿಯುವ ಸದ್ದಾಯಿತು. ತಾಯಿ ಗಂಟನ್ನು ಮೇಲೆ ಇಟ್ಟು, ಹಗ್ಗ ಹಿಡಿದು, ಒಂದೊಂದೇ ಮೆಟ್ಟಿಲು ನೀರಿನ ಕಡೆಗೆ ಹೋಗುತ್ತಿದ್ದಳು. "ತೋಮಾಸಜ್ಜೀ, ಜಾಕೆಟ್ಟು!" ಎಂದು ಮೇಲಿನಿಂದ ಮಿರ್ನಾ ಕೂಗಿದಳು.

"ಸತ್ತೋಳಿಗ್ಯಾಕೆ ಜಾಕೆಟ್ಟು?" ಎಂದು ತಾಯಿ ಮಾಯಾ ಮಾತಿನಲ್ಲಿ ಉತ್ತರಿಸಿದಳು. ಮೇಲೆ ಮಿರ್ನಾ ಬಾಯಿ ಮುಚ್ಚಿಕೊಂಡಳು.

ತಾಯಿ ಇಳಿದಳು. ಮಂಡಿ ನೀರಿಗೆ ಹೋದದ್ದೇ ತಡ ಅವಳ ಕುಂಟು ಮಾಯವಾಯಿತು. ಬಿಳಿ ಇಪಿಲ್ ಗಾಳಿ ತುಂಬಿಕೊಂಡು ಸುತ್ತಲೂ ಅರಳಿತು; ಕಸೂತಿಯ ಹೂಗಳು ನೀರಿನ ಮೇಲೆ ಬಿಡಿಬಿಡಿಯಾಗಿ ತೇಲಿದವು. ಅವಳು ಎರಡು ಸಲ ಕೈ ಬೀಸಿ ನಡುನೀರಿಗೆ ಹೋಗಿ, ಬೆಳಕಿನ ಕೋಲಿನ ಕೆಳಗೆ ಅಂಗಾತ ಮಲಗಿದಳು. ಎಲ್ಲರೂ ಉಸಿರು ಹಿಡಿದು ನೋಡಿದರು. ನಸಾರಿಯೊನಿಗೆ ಇದು ತನ್ನ ಕಥೆಯ ಒಳಗೇ ನಡೆಯುತ್ತಿದೆಯೋ ಹೊರಗೋ ತಿಳಿಯಲಿಲ್ಲ.

"ಮೇಲೆ ಬನ್ನಿ, ದೊನ್ಯಾ," ಎಂದ.

"ಯಾರನ್ನ ಕರೀತಿದೀಯ?" ತಾಯಿಯ ಮಾಯಾ ಮಾತು ಚಾವಣಿಗೆ ತಾಗಿ ಎಲ್ಲ ಕಡೆಯಿಂದ ಬಂತು. "ಇಲ್ಲಿ ದೊನ್ಯಾ ಯಾರೂ ಇಲ್ಲ. ಇರೋಳು ಒಬ್ಬಳೇ, ನೀನು ಮುಳುಗಿಸಿದೋಳು."

"ನಿಂಗೆ ಅರ್ಥ ಆಯ್ತಾ?" ಅವನೂ ಮಾಯಾ ಮಾತಿಗೆ ಬಂದಿದ್ದ.

"ಹದಿನಾಲ್ಕು ವರ್ಷ ಅವರ ಬಟ್ಟೆ ಒಗೆದಿದೀನಿ. ಅವರ ಮಾತು ಬರದೇ ಇರುತ್ತಾ? ಮಿರ್ನಾ ಹೇಳಿದಾಗ ನಂಬ್ಲಿಲ್ಲ ನಾನು. ನನ್ನ ಮಗ ಹಾಗೆಲ್ಲ ಹೇಳೋನಲ್ಲ, ಕೇಳಿಸ್ಕೊಂಡೇ ಬರ್ತೀನಿ ಅಂದೆ. ಕೇಳಿಸ್ಕೊಂಡೆ."

"ಸಿಟ್ಟಾಗ್ಬೇಡ. ಬಾ ಮೇಲೆ. ತಣ್ಣಗಿದೆ."

"ಸಿಟ್ಟಲ್ಲ ಮಗಾ. ದಿನಾ ಇಲ್ಲಿ ನಿಂತು, ಅಪ್ಪಣೆ ಕೇಳಿದ ಬಾಯಲ್ಲೇ, ಒಡೆಯರಿಗೆ ನನ್ನನ್ನ ಕೊಟ್ಟಿದೀಯ. ಹನ್ನೊಂದು ವರ್ಷ. ಕೊಟ್ಟಿದ್ದನ್ನ ಅವರು ಇಸ್ಕೊಳ್ದೆ ಬಿಡ್ತಾರಾ? ಮೊದ್ಲು ಮಂಡಿ ಇಸ್ಕೊಂಡ್ರು. ಆಮೇಲೆ ಒಂದು ಕಿವಿ. ಕೊಟ್ಟೋನೇ ವಾಪಸ್ ಕೇಳ್ಬೇಕು. ಕರಿ ನನ್ನ. ಕರೆದ್ರೆ ಬರ್ತೀನಿ."

ಕರೆಯಬೇಕು. ಅವರ ಮಾತಿನಲ್ಲಿ ಅವ್ವ ಎನ್ನುವುದಕ್ಕೆ 'ನಾ' ಎಂದು; ಹೇಳಿದ ಕೂಡಲೇ ಗಂಟಲು ಗಕ್ಕನೆ ಮುಚ್ಚಬೇಕು. ಮುಚ್ಚದೆ ಉಸಿರು ಬಿಟ್ಟರೆ ಅದು 'ನಾಹ್' ಆಗುತ್ತದೆ, ಮನೆ ಎಂದಾಗುತ್ತದೆ. ಎರಡು ವರ್ಷದ ಕೂಸು ಕೂಡ ತಪ್ಪುವುದಿಲ್ಲ. ದಿನವಿಡೀ ಸ್ಪಾನಿಷ್ ಆಡಿ ಆಡಿ, ಮನೆಗೆ ಹೋದರೂ ಅವಳನ್ನು ಏನೂ ಕರೆಯದೆ ಬರಿಯ "ಊಟ ಆಯ್ತಾ" ಎಂದು ಕೇಳಿ ಮಲಗುವ ನಸಾರಿಯೊ, ಬಾಯಿ ತೆರೆದ. ಉಸಿರು ಹೊರಗೆ ಹರಿಯಿತು.

"ಮನೇನಾ?" ಎಂದಳು ತಾಯಿ ಅಲುಗಾಡದೆ. "ಯಾವ ಮನೇನ ಕರೀತಿದೀಯೋ? ಅದು ಎದ್ದು ಬರುತ್ತಾ?"

ಮೇಲೆ ಮಿರ್ನಾ ಕಿಸಕ್ಕನೆ ನಕ್ಕಳು, ಅವಳ ಪಕ್ಕ ಬಂದು ನಿಂತಿದ್ದ ಎರ್ಮಿಲೊ ಕೂಡ. ಹಿಂದಿನ ಬೆಂಚಿನವರೆಲ್ಲ ನಕ್ಕಂತಾಯಿತು. ಇನ್ನೊಮ್ಮೆ ಕರೆದ. ಮತ್ತೆ ಮನೆಯೇ ಬಂತು. ತಾಯಿಯ ಬಿಳಿ ಬಟ್ಟೆ ಈಗ ಗಾಳಿ ಬಿಟ್ಟು ನೀರು ಕುಡಿಯುತ್ತಿತ್ತು, ಅವಳ ಗಲ್ಲ ನೀರಿಗೆ ತಾಗಿತ್ತು, ಅವಳು ಕೈಯಾಡಿಸುತ್ತಿರಲಿಲ್ಲ. ಅವನು ಬೂಟು ಕೂಡ ಬಿಚ್ಚದೆ ಮೆಟ್ಟಿಲಿಳಿದ. ಮೊಣಕಾಲು, ಸೊಂಟ. ಕೊನೆಯ ಮೆಟ್ಟಿಲಾದ ಮೇಲೆ ನೆಲವಿಲ್ಲ ಎಂದು ಗೊತ್ತಿತ್ತು. ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಹೆಜ್ಜೆ ಮುಂದಿಟ್ಟ. ನೀರು ಎದೆಯನ್ನು ಹಿಡಿಯಿತು, ಚಳಿಗೆ ಗಂಟಲು ತಾನಾಗಿ ಗಕ್ಕನೆ ಮುಚ್ಚಿತು, ಆ ಮುಚ್ಚಿದ ಗಂಟಲಿನಿಂದಲೇ ಕೂಗಿದ: "ಅವ್ವಾ!"

ತಾಯಿ ಮಗ್ಗುಲಾದಳು. ಎರಡು ಸಲ ಕೈ ಬೀಸಿ ಬಂದು, ಅವನ ಅಂಗಿಯ ಕಾಲರು ಹಿಡಿದು, "ಹಗ್ಗ ಬಿಡಬೇಡ, ನನ್ನ ಕುತ್ತಿಗೆ ಮಾತ್ರ ಹಿಡೀಬೇಡ," ಎಂದು ಅವನನ್ನು ಮೆಟ್ಟಿಲಿಗೆ ದಬ್ಬಿದಳು. ಅವನು ಅಲ್ಲೇ, ನೀರು ಸುರಿಯುತ್ತ, ಗುಂಪಿನ ಕಡೆ ತಿರುಗಿ ಸ್ಪಾನಿಷ್‌ನಲ್ಲಿ ಹೇಳಿದ: "ಇವಳು ನನ್ನ ತಾಯಿ. ಇವಳು ಸತ್ತಿಲ್ಲ. ನಾನು ಸುಳ್ಳು ಹೇಳಿದೆ."

ಒಂದು ಕ್ಷಣ ನೀರು ತೊಟ್ಟಿಕ್ಕುವ ಸದ್ದು. ಆಮೇಲೆ ಮದುಮಗ ಚಪ್ಪಾಳೆ ತಟ್ಟಿದ. ದಂತವೈದ್ಯನ ಮನೆಯವರೂ ತಟ್ಟಿದರು. "ಅದ್ಭುತ," ಎಂದ ಮದುಮಗ, "ಮೈ ಜುಂ ಅಂತು." ಇರ್ಮಾ ಬಿಕ್ಕುತ್ತ ಇಳಿದು ಬಂದು, ಒದ್ದೆ ತಾಯಿಯನ್ನು ತಬ್ಬಿಕೊಂಡು, "ಅವರಿಗೋಸ್ಕರ ತಾಯಿ ಆದ್ರಲ್ಲ, ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ ಅಜ್ಜಿ," ಎಂದಳು. ನಸಾರಿಯೊನ ಭುಜ ತಟ್ಟಿ, "ಗೊತ್ತು, ನಂಗೊತ್ತು. ನಂಗೂ ಬಸ್ಸಲ್ಲಿ ಯಾರನ್ನೋ ನೋಡಿದ್ರೆ ಅಮ್ಮ ಅಂತಲೇ ಅನ್ಸುತ್ತೆ," ಎಂದಳು. ಹನ್ನೊಂದು ವರ್ಷ ಸುಳ್ಳನ್ನು ಕಣ್ಣು ಮುಚ್ಚಿ ನಂಬಿದ ಜಗತ್ತು ನಿಜವನ್ನು ನಾಟಕವೆಂದು ಮೆಚ್ಚಿಕೊಂಡಿತು. ಹುಡುಗಿಯರು ದಡದಡನೆ ನೀರಿಗೆ ಹಾರಿದರು. ಮದುಮಕ್ಕಳು ಹಾರಿದರು. ಬೆಳಕಿನ ಕೋಲು ಚೂರುಚೂರಾಗಿ ಮತ್ತೆ ಕೂಡಿಕೊಂಡಿತು. ಆ ಒಂದು ಗಂಟೆ ತಾಯಿ ಮಗ ಮೆಟ್ಟಿಲ ಮೇಲೆ ಅಕ್ಕಪಕ್ಕ ಕೂತಿದ್ದರು.

ವಾಪಸ್ಸಾಗುವಾಗ ವ್ಯಾನಿನಲ್ಲಿ ಎಲ್ಲರ ಕೂದಲಿಗೂ ಸುಣ್ಣಕಲ್ಲಿನ ನೀರಿನ ವಾಸನೆಯಿತ್ತು. ಬಿಸಿಲು ಓರೆಯಾಗಿ ಸೀಟುಗಳ ಮೇಲೆ ಮಲಗಿತ್ತು. ತಾಯಿ ಮಡಚುವ ಸೀಟಿನಲ್ಲೇ ಕೂತಿದ್ದಳು. ಅವನು ಮೈಕನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟು, ಅವಳ ಪಕ್ಕ ನೆಲದ ಮೇಲೆ ಕೂತ. "ಯಾಕೋ ಹಾಗಂದೆ?" ಎಂದು ಅವಳು ಕೇಳಿದಳು, ಕಿಟಕಿಯ ಕಡೆಗೇ ನೋಡುತ್ತ.

"ನೀರಿಗೆ ಯಾಕೆ ಇಳಿಯಲ್ಲ ಅಂತ ಒಬ್ಬ ಕೇಳ್ದ. ಎಲ್ಲರೂ ನಕ್ರು. ಈಜು ಬರಲ್ಲ ಅನ್ನೋಕೆ ನಾಚಿಕೆ ಆಯ್ತು ಅವ್ವ."

ತಾಯಿ ಕಿಟಕಿಯಿಂದ ಈ ಕಡೆ ತಿರುಗಿದಳು. ಆಮೇಲೆ ಮೆಲ್ಲಗೆ ಏನೋ ಹೇಳಿದಳು, ಅವನ ಮುಖ ನೋಡಿ. ಹಿಂದಿನ ಸೀಟಿನಿಂದ ಇರ್ಮಾ ಬಾಗಿ, "ಅಜ್ಜಿ ಏನಂತಾರೆ? ಹೇಳಿ ಹೇಳಿ," ಎಂದಳು.

ನಸಾರಿಯೊ ತಿರುಗಿ ಕೂತ. ಪವಿತ್ರ ಎಂಬ ಮಾತು ಬಾಯಿಗೆ ಬಂದು ಹೋಯಿತು. ಒಂದೊಂದೇ ಮಾತನ್ನು, ಹಿಂದೆ ಮುಂದೆ ಮಾಡದೆ, ಸ್ಪಾನಿಷ್‌ನಲ್ಲಿ ಇಟ್ಟ: "ಈಜು ಬರಲ್ಲ ಅಂತ ಹೇಳೋಕೆ ನಿಂಗೆ ನಾಚಿಕೆ ಆಯ್ತು. ಅವ್ವ ಸತ್ತೋದ್ಲು ಅಂತ ಹೇಳೋಕೆ ನಾಚಿಕೆ ಆಗ್ಲಿಲ್ವೇನೋ? ಹಾಗಂತಾಳೆ."

ಇರ್ಮಾಳ ಮುಖದ ನಗು ಅಲ್ಲೇ ಕಳಚಿತು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳು. ಕಂಠಪಾಠ ಒಪ್ಪಿಸುವುದು ಯಾವುದು, ಬಾಯಿಂದ ಕಿತ್ತುಕೊಂಡು ಬರುವುದು ಯಾವುದು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅವಳು ಅವನನ್ನು ನೋಡಲಿಲ್ಲ. ತನ್ನ ಶಾಲನ್ನು ತೆಗೆದು ತಾಯಿಯ ಒದ್ದೆ ಭುಜಗಳ ಮೇಲೆ ಹೊದಿಸಿ, ನಿಧಾನವಾಗಿ, ಸ್ಪಾನಿಷ್‌ನಲ್ಲಿ, ಅವಳನ್ನೇ ಕೇಳಿದಳು: "ಇವನು ನಿಮ್ಮ ಮಗನೇನಮ್ಮ?"

ಎಲ್ಲರೂ ತಾಯಿಯ ಕಡೆ ತಿರುಗಿದರು. ಎರ್ಮಿಲೊ ಕೂಡ ಕನ್ನಡಿಯಲ್ಲಿ ನೋಡುತ್ತಿದ್ದ. ತಾಯಿ ಉತ್ತರ ಕೊಡಲಿಲ್ಲ. ಒಂದು ಹಂಪು ಬಂತು, ಹೋಯಿತು. ಬೆಳಿಗ್ಗೆ ಇಂಥದೇ ಪ್ರಶ್ನೆಗೆ ತಾನು ತೆಗೆದುಕೊಂಡದ್ದು ಒಂದು ಉಸಿರಿನಷ್ಟು ಹೊತ್ತು ಎಂದು ನಸಾರಿಯೊನಿಗೆ ನೆನಪಾಯಿತು. ಇಲ್ಲ ಎನ್ನುವ ಹಕ್ಕು ಅವಳಿಗಿತ್ತು, ಅವಳು ಇಲ್ಲ ಎಂದರೆ ಅದೇ ಸರಿ. ಎರಡನೆಯ ಹಂಪು ಬಂತು. ಎದುರಿಗಿದ್ದ ಒದ್ದೆ ಬಿಳಿ ಬಟ್ಟೆ, ಅದರಿಂದ ತೊಟ್ಟಿಕ್ಕಿ ನೆಲದ ಮೇಲೆ ಹರಡುತ್ತಿದ್ದ ನೀರು ಅವನ ಕಣ್ಣಿಗೆ ಮಂಜಾಯಿತು.

"ಹೌದಮ್ಮ," ಎಂದಳು ತೋಮಾಸಾ, ಸ್ಪಾನಿಷ್‌ನಲ್ಲಿ, ತಪ್ಪಿಲ್ಲದೆ, ಕೊನೆಯ ಸೀಟಿನವರೆಗೂ ಕೇಳುವ ಹಾಗೆ. "ನನ್ನ ಮಗ. ಅಳ್ತಾ ಇದಾನೆ. ನೀವೆಲ್ಲ ಸ್ವಲ್ಪ ಎಡಗಡೆ ನೋಡಿ."

ಏಳು ಮಂದಿಯೂ ಎಡಗಡೆಯ ಕಿಟಕಿಗೆ ತಿರುಗಿದರು. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ, ಬರಿಯ ಕುರುಚಲು ಕಾಡು. ಆದರೂ ಊರಿನ ತಿರುವು ಬರುವ ತನಕ ಎಲ್ಲರೂ ಅದನ್ನೇ ನೋಡುತ್ತ ಕೂತಿದ್ದರು.